ಪುಸ್ತಕದಲ್ಲಿಲ್ಲದ ಪದ್ಯ

ಕಾಜಲ್ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಎರಡೇ ಹೆಜ್ಜೆ, ಆದರೆ ಆ ಎರಡು ಹೆಜ್ಜೆಯ ನಡುವೆ ಇಡೀ ಮಸಗುಪ್ಪಿ ಊರು ನಿಂತು ತನ್ನನ್ನೇ ನೋಡುತ್ತಿದೆ ಎಂದು ಅಲ್ಲಪ್ಪನಿಗೆ ಅನಿಸುತ್ತಿತ್ತು. ಅವನ ಬಲಗೈಯಲ್ಲಿ ಬೀರಸಿದ್ದಪ್ಪಜ್ಜನ ಎಡಗೈ ಇತ್ತು. ಜೋಳದ ರವದಿಯ ಒಣ ಎಲೆಯಷ್ಟು ಹಗುರ, ಆದರೆ ಹಿಡಿದದ್ದನ್ನು ಬಿಡದ ಕೈ. ಈ ಕೈ ತನ್ನ ಕೈಯಲ್ಲಿ ಇರಬಾರದಾಗಿತ್ತು. ‘ನಾವಿಬ್ಬರ ಹೋಗೂಣು. ಅವ್ವನ್ನ ಬಿಟ್ಟು ಮೂರನೇದವರಿಗೆ ಗೊತ್ತಾದರ ನಾ ಅಲ್ಲಿಂದನ ಹೊಳ್ಳಿ ಬರತೇನಿ, ಮತ್ತ ಎಂದೂ ಕೇಳೂದಿಲ್ಲ’ ಎಂದು ಮಗಳು ಹೇಳಿ ಇನ್ನೂ ಐದು ದಿನ ಆಗಿಲ್ಲ. ಹದಿನಾಲ್ಕು ವರ್ಷದ ಹುಡುಗಿ ಜೀವನದಲ್ಲಿ ಮೊದಲ ಬಾರಿ ಆಡಿದ ಅಪ್ಪಟ ದೊಡ್ಡವರ ಮಾತು ಅದು, ಮತ್ತು ಅವನು ಅದಕ್ಕೆ ಆಗಲಿ ಎಂದು ತಲೆ ಆಡಿಸಿದ್ದ. ಈಗ ನೋಡಿದರೆ ಎಂಬತ್ತು ವರ್ಷದ ಮೂರನೆಯವನೊಬ್ಬ ಕೈ ಹಿಡಿದುಕೊಂಡು ‘ಸಾವಕಾಶೋ ಅಲ್ಲಪ್ಪಾ, ಕಲ್ಲ ಅದಾವ’ ಎಂದು ಹಾದಿ ತುಂಬ ಮಾತನಾಡುತ್ತ ಬರುತ್ತಿದ್ದಾನೆ.

ಅವಳು ಕೇಳಿದ್ದು ವಾಲ್ವಿನ ಗುಂಡಿಯ ಹತ್ತಿರ. ಅಲ್ಲಪ್ಪ ಪಂಚಾಯಿತಿಯ ನೀರು ಬಿಡುವವನು. ಬೆಳಗಾಗುವ ಮೊದಲೇ ಓಣಿ ಓಣಿಯ ಗುಂಡಿಗೆ ಇಳಿದು ಚಾವಿ ತಿರುವಿ, ಮೇಲೆ ಬಂದು ಹೆಂಗಸರ ಬೈಗುಳ ತಿನ್ನುವುದು ಇಪ್ಪತ್ತೆರಡು ವರ್ಷದ ಕಸುಬು. ಆ ಓಣಿಗೆ ಮೊದಲು ಬಿಟ್ಟೆ ಎಂದು ಈ ಓಣಿಯವರು, ಕೊಡ ತುಂಬುವ ಮೊದಲೇ ನಿಲ್ಲಿಸಿದೆ ಎಂದು ಆ ಓಣಿಯವರು. ಅವನು ತಿರುಗಿ ಒಂದು ಮಾತು ಆಡಿದವನಲ್ಲ. ಬೈಯುವಾಗ ಒಳಗೊಳಗೇ ಹಿಂದಿನ ಸಂಜೆ ಗುಡಿಯಲ್ಲಿ ಕೇಳಿದ ಷಟ್ಪದಿಯನ್ನು ಉರು ಹಾಕುತ್ತ ನಿಲ್ಲುತ್ತಾನೆ; ಪದ್ಯ ಮುಗಿಯುವುದಕ್ಕೂ ಬೈಗುಳ ಮುಗಿಯುವುದಕ್ಕೂ ಸರಿಹೋಗುತ್ತದೆ. ಅಂದು ಗುಂಡಿಯೊಳಗೆ ಬಾಗಿದ್ದಾಗ ಮೇಲೆ ಮಗಳ ಪಾದ ಕಂಡವು. ಆ ಗುಂಡಿಯ ಕಡೆಗೆ ಅವಳು ಎಂದೂ ಬಂದವಳಲ್ಲ. ‘ಯಪ್ಪಾ’ ಎಂದಳು, ‘ನನ್ನ ಸಿಟ್ಟು ನನ್ನ ಮಾತು ಕೇಳವಲ್ತು. ಹೋದ ತಿಂಗಳ ಸಾಲಿಗೆ ಬಂದಿದ್ದ ನರ್ಸಬಾಯಿ ಹೇಳ್ಯಾರ, ಸೋಮವಾರ ಗೋಕಾಕಕ್ಕ ಮನಸ್ಸಿನ ಡಾಕ್ಟರ ಬರತಾರಂತ. ನನ್ನ ತೋರಸು.’ ಅವನು ಕೆಳಗಿನಿಂದಲೇ ಮುಖ ಎತ್ತಿ ನೋಡಿದ. ನೀರು ಅವನ ಮೊಣಕಾಲಿನ ಮೇಲೆ ಚಿಮ್ಮುತ್ತಿತ್ತು. ಅವ್ವನ ಬಳೆಯ ಸದ್ದಿಗೆ ರೊಟ್ಟಿಯ ತಟ್ಟೆ ಎಸೆಯುವವಳು, ಯಾರೋ ಬಾಯಿ ಚಪ್ಪರಿಸಿ ಉಂಡರೆ ಎದ್ದು ಹೋಗಿ ಬಾಗಿಲು ಬಡಿಯುವವಳು, ಗಣಿತದ ವಹಿಯನ್ನು ಮಾಸ್ತರರ ಮುಂದೆಯೇ ಎರಡು ಸೀಳು ಮಾಡಿ ಮೂರು ವಾರದಿಂದ ಸಾಲಿಗೆ ಹೋಗದವಳು, ಆಮೇಲೆ ಕೌದಿ ತಲೆ ತುಂಬ ಹೊದ್ದು ‘ನಾನ ಕೆಟ್ಟಾಕಿ’ ಎಂದು ಬಿಕ್ಕುವವಳು, ಅವಳೇ ಇವಳು. ಅವಳು ನಿಂತ ರೀತಿಯಲ್ಲಿ ಸಿಟ್ಟು ಇರಲಿಲ್ಲ. ಚಪ್ಪಲಿ ಕಿತ್ತುಹೋದವರು ಮೋಚಿಯ ಮುಂದೆ ನಿಂತ ಹಾಗೆ ನಿಂತಿದ್ದಳು.

ಎಲ್ಲ ಸರಿಯಾಗಿಯೇ ಆಗುತ್ತಿತ್ತು, ನಿನ್ನೆ ಸಂಜೆ ಗುಡಿಯಲ್ಲಿ ಪುರಾಣ ಮುಗಿದ ಮೇಲೆ ಯಾರೋ ‘ನಾಳೆ ನೀರ ಎಷ್ಟೊತ್ತಿಗೆ ಬಿಡತಿ?’ ಎಂದು ಕೇಳದೆ ಇದ್ದಿದ್ದರೆ. ಸಂಜೆಗೆ ಎಂದ. ಯಾಕೆ ಎಂದರು. ಗೋಕಾಕಿಗೆ ಹೋಗುವುದಿದೆ ಎಂದ. ಯಾಕೆ ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಬಾಯಿಗೆ ಸುಳ್ಳು ಬರುವಾಗ ಹತ್ತಿರದಲ್ಲಿ ಏನು ಕಂಡರೆ ಅದನ್ನೇ ಹಿಡಿದುಕೊಂಡು ಬರುತ್ತದೆ. ಎದುರಿಗೆ ಪೀಠದ ಮೇಲೆ ಬೀರಸಿದ್ದಪ್ಪಜ್ಜ ಪುಸ್ತಕ ಮುಚ್ಚಿ ಕಣ್ಣೊರೆಸಿಕೊಳ್ಳುತ್ತಿದ್ದ. ‘ಮಗಳ ಕಣ್ಣು ತೋರಸಬೇಕ್ರಿ’ ಎಂದುಬಿಟ್ಟ ಅಲ್ಲಪ್ಪ. ಹೇಳಿದ ಕೂಡಲೇ ದೇವರ ಮುಂದಿನ ದೀಪ ನೋಡಿದ; ಅದು ಅಲುಗಾಡಲಿಲ್ಲ, ಅದರಿಂದ ಇನ್ನೂ ಹೆದರಿಕೆಯಾಯಿತು. ಅಜ್ಜ ಆ ಕ್ಷಣಕ್ಕೇ ಕಾದಿದ್ದವನ ಹಾಗೆ, ‘ಕಣ್ಣಿಂದೇನು? ಹಂಗಾರ ನನ್ನನ್ನೂ ಕರಕೊಂಡು ನಡಿ. ಒಬ್ಬನ ಹೋಗಾಕ ಆಗವಲ್ತು’ ಎಂದ. ಊರಿನಿಂದ ಪೇಟೆಗೆ ಹೊರಟವನು ಒಬ್ಬನೇ ಹೋಗುವ ಪದ್ಧತಿ ಮಸಗುಪ್ಪಿಯಲ್ಲಿ ಇಲ್ಲ. ಯಾರದೋ ಬಿಪಿ ಗುಳಿಗೆ, ಯಾರದೋ ಸೀರೆಯ ಫಾಲು, ಯಾರದೋ ಮುದಿ ಅತ್ತೆ. ಅದೂ ಕೇಳಿದವನು ಏಳನೇ ವಯಸ್ಸಿನಿಂದ ತನ್ನನ್ನು ತೊಡೆಯ ಪಕ್ಕ ಕೂಡಿಸಿಕೊಂಡು ಪದ್ಯ ಉಣಿಸಿದವನು. ಇಲ್ಲ ಎನ್ನುವ ಶಬ್ದ ಅಲ್ಲಪ್ಪನ ಗಂಟಲಿಗೆ ಬಂದು, ಅಲ್ಲಿದ್ದ ನಲವತ್ತು ವರ್ಷದ ಪದ್ಯಗಳನ್ನು ನೋಡಿ ಹಿಂದೆ ಸರಿಯಿತು.

ಬೆಳಿಗ್ಗೆ ಬಾಗಿಲಲ್ಲಿ ಅಜ್ಜನನ್ನು ಕಂಡಾಗ ಕಾಜಲ್ ಏನೂ ಒದರಲಿಲ್ಲ. ಒದರಿದ್ದರೆ ಚೆನ್ನಾಗಿತ್ತು. ‘ಇಬ್ಬರ ಅಂದಿದ್ದಿ’ ಎಂದಳು ಅಷ್ಟೆ. ಹೆಂಡತಿ ನಂದಾ ಬುತ್ತಿ ಕೈಗಿಡುತ್ತ ಪಿಸುಗುಟ್ಟಿದಳು: ‘ನಾ ಬಂದ್ರ ಬಸ್ಸಿನ್ಯಾಗ ಜಗಳ ಆಕ್ಕೈತಂತ ನಿಮ್ಮನ್ನ ಕಳಸಾಕತ್ತೇನಿ. ನೀವು ಜಾತ್ರಿನ ಕಟ್ಟಕೊಂಡು ಹೊಂಟೀರಿ.’

ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಮುದಕವ್ವ ಕುಳಿತಿದ್ದಳು. ಅವಳು ಎಲ್ಲಿಗೂ ಹೋಗುವವಳಲ್ಲ; ಹೋಗುವವರನ್ನೂ ಬರುವವರನ್ನೂ ವಿಚಾರಿಸುವುದಕ್ಕೆ ಕುಳಿತಿರುತ್ತಾಳೆ. ‘ಏ ಕಾಜಲ, ನಿನ್ನ ಕಣ್ಣಿಗೆ ಏನಾಗೇತಂತ? ನಂದಿಬಟ್ಟಲ ಹೂವ ನೀರಾಗ ಹಾಕಿ ಅದರಲೆ ತೊಳಕೋ. ಮೊಬೈಲ ನೋಡಬ್ಯಾಡ. ಎಲ್ಲಿ, ನನ್ನ ಕಡೆ ನೋಡು.’ ಕಾಜಲ್ ತಿರುಗಿದಳು. ಕತ್ತಿನ ನರ ಉಬ್ಬುವುದನ್ನು ಅಲ್ಲಪ್ಪ ಕಂಡ. ಅದೊಂದು ಅವನಿಗೆ ಪರಿಚಯದ ನರ. ‘ನನ್ನ ಕಣ್ಣು ಸರಿ ಅದಾವು!’ ಎಂದು ಒದರಿದಳು. ಬೇವಿನ ಮರದಿಂದ ಎರಡು ಕಾಗೆ ಹಾರಿದವು. ಮುದಕವ್ವ ಸ್ವಲ್ಪವೂ ಬೇಜಾರಾಗದೆ, ‘ಸರಿ ಇದ್ದರ ಡಾಕ್ಟರ ಕಡೆ ಯಾಕ ಹೊಂಟಿಯ?’ ಎಂದು ಕೇಳಿದಳು. ಅದು ನ್ಯಾಯವಾದ ಪ್ರಶ್ನೆಯಾಗಿತ್ತು. ಅಲ್ಲಪ್ಪನ ಬಾಯಲ್ಲಿ ತಾಳ್ಮೆಯ ಬಗ್ಗೆ ಒಂದು ಪದ್ಯದ ಮೊದಲ ಸಾಲು ತಾನಾಗಿಯೇ ಹುಟ್ಟಿ ತುಟಿಯವರೆಗೆ ಬಂತು, ಮಗಳು ಅವನ ತುಟಿ ನೋಡಿದಳು, ಅವನು ನುಂಗಿಕೊಂಡ. ದೂರದಲ್ಲಿ, ಕಬ್ಬಿನ ಟ್ರ್ಯಾಕ್ಟರಿನ ಧೂಳಿನ ಹಿಂದೆ, ಕೆಂಪಗೆ ಏನೋ ಬಂತು. ‘ಯಾವ ಗಾಡಿನೋ ಅದು?’ ಎಂದ ಅಜ್ಜ. ಅಲ್ಲಪ್ಪನಿಗೆ ಬಸ್ಸೋ ಟೆಂಪೋ ತಿಳಿಯಲಿಲ್ಲ. ಕಾಜಲ್ ಮುಖ ಗಂಟು ಹಾಕಿಕೊಂಡೇ, ‘ಮೂಡಲಗಿ–ಗೋಕಾಕ. ಬಾಜೂಕ ಇಂಗ್ಲೀಷಿನ್ಯಾಗೂ ಸಣ್ಣಾಗಿ ಬರದಾರ. ಗೋಕಾಕದ ಕಡೀ ಅಕ್ಷರ ಅಳಸೇತಿ’ ಎಂದಳು. ‘ಹಾಂ’ ಎಂದ ಅಜ್ಜ, ಏನೋ ನೆನಪಾದವನ ಹಾಗೆ ಮುಗುಳ್ನಕ್ಕ.

ಬಸ್ಸಿನಲ್ಲಿ ಅವಳು ಮುಂದಿನ ಸೀಟಿನ ಕಿಟಕಿಗೆ ಒತ್ತಿಕೊಂಡು ಕುಳಿತಳು, ಇವರಿಬ್ಬರೂ ಹಿಂದೆ. ಅವಳ ಜಡೆ ಅವನ ಕಣ್ಣೆದುರೇ ಇತ್ತು. ಹೀಗೆಯೇ, ಇದೇ ಜಡೆಯನ್ನು ನೋಡುತ್ತ ಅವನು ಗುಡಿಯಲ್ಲಿ ಎಷ್ಟು ಸಂಜೆ ಕುಳಿತಿದ್ದಾನೆ. ಎಂಟು ವರ್ಷದವಳಿದ್ದಾಗಿನಿಂದ ಅಜ್ಜನ ಪಕ್ಕ ಕುಳಿತು ಹಾಳೆ ತಿರುವುವುದು ಅವಳ ಕೆಲಸವಾಗಿತ್ತು. ಅಜ್ಜ ರಾಗ ಎತ್ತಿ ಓದುವನು, ಅವಳು ಬೆರಳಿಟ್ಟು ಸಾಲು ಹಿಡಿದು ಹೋಗುವಳು, ಕೆಳಗೆ ಕುಳಿತ ಅಲ್ಲಪ್ಪ ಕಣ್ಣು ಮುಚ್ಚಿ ಕೇಳುವನು. ಊರಿನಲ್ಲಿ ಹೇಳುತ್ತಾರೆ, ಓದುವುದಾದರೆ ಬೀರಸಿದ್ದಪ್ಪನ ಹಾಗೆ, ಕೇಳುವುದಾದರೆ ಅಲ್ಲಪ್ಪನ ಹಾಗೆ. ಈ ಸಲ ಶ್ರಾವಣದ ಒಂದು ಸಂಜೆ ಗುಡಿ ತುಂಬ ಜನ ಇದ್ದಾಗ ಅವಳು ಇದ್ದಕ್ಕಿದ್ದ ಹಾಗೆ ಪುಸ್ತಕದ ಮೇಲೆ ಅಂಗೈ ಬಡಿದು ಒದರಿದ್ದಳು: ‘ಇದು ಪುಸ್ತಕದಾಗ ಇಲ್ಲ! ದಿನಾ ಇಲ್ಲದ್ದ ಓದತಾನ ಮುತ್ಯಾ!’ ರಾಗ ನಿಂತಿತು. ಯಾರೋ ಹೆಂಗಸು ಅಯ್ಯ ಅಯ್ಯ ಎಂದಳು. ಯಾರೂ ಪುಸ್ತಕ ನೋಡಲಿಲ್ಲ. ಎಲ್ಲರೂ ಅಲ್ಲಪ್ಪನನ್ನು ನೋಡಿದರು, ಮತ್ತು ಅಲ್ಲಪ್ಪ ಎದ್ದು ಹೋಗಿ, ಇಪ್ಪತ್ತೆರಡು ವರ್ಷ ಯಾವ ಬೈಗುಳಕ್ಕೂ ಏಳದಿದ್ದ ಕೈಯಿಂದ, ಮಗಳ ಕೆನ್ನೆಗೆ ಹೊಡೆದ. ಆ ಸದ್ದು ಬಹಳ ಸಣ್ಣದಾಗಿತ್ತು. ತಾಳ ತಪ್ಪಿ ಬಡಿದ ಹಾಗೆ. ಅಂದಿನಿಂದ ಅವಳು ಗುಡಿಗೆ ಬರಲಿಲ್ಲ. ಸಿಟ್ಟು ಅದಕ್ಕಿಂತ ಮೊದಲೂ ಇತ್ತು, ಅದು ಅವನಿಗೆ ಗೊತ್ತು. ಆದರೆ ಅದಕ್ಕಿಂತ ಮೊದಲು ಅವಳು ಒದರಿ ಮುಗಿದ ಮೇಲೆ ಅವನ ಹತ್ತಿರ ಬಂದು ಕೂರುತ್ತಿದ್ದಳು.

ಲೋಳಸೂರ ಸೇತುವೆ ಬಂದಾಗ ಕಾಜಲ್ ಎದ್ದು ನಿಂತಳು. ‘ನಾ ಇಲ್ಲೇ ಇಳಿತೇನಿ.’ ಅಲ್ಲಪ್ಪ ಅರ್ಧ ಎದ್ದ. ಇದೇ ಅದು, ಹೊಳ್ಳಿ ಹೋಗುತ್ತಾಳೆ, ಮತ್ತೆ ಎಂದೂ ಕೇಳುವುದಿಲ್ಲ. ಏನು ಹೇಳಲಿ? ಕೂಡು ಎಂದರೆ ನಿಲ್ಲುತ್ತಾಳೆ, ನಿಲ್ಲು ಎಂದರೆ ಜಿಗಿಯುತ್ತಾಳೆ. ಕಂಡಕ್ಟರು ಚಿಲ್ಲರೆ ಎಣಿಸುತ್ತಲೇ, ‘ಸೇತುವಿ ಮ್ಯಾಲ ಸ್ಟಾಪ ಇಲ್ಲವ್ವಾ. ಇಲ್ಲಿ ಇಳದಾಕಿ ಸೀದಾ ಹೊಳಿಗೆ ಇಳಿಬೇಕಾಕ್ಕೈತಿ. ಈಸ ಬರತೈತೇನು?’ ಎಂದ. ನಾಲ್ಕು ಜನ ನಕ್ಕರು. ಅವಳು ಅವನನ್ನು ಸುಡುವ ಹಾಗೆ ನೋಡಿದಳು. ಆದರೆ ಬಾಯಿಯ ಒಂದು ತುದಿ, ಎಡಗಡೆಯದು, ಅವಳ ಮಾತು ಕೇಳದೆ ಒಂದಿಷ್ಟು ಮೇಲೆ ಹೋಯಿತು. ಗೋಕಾಕ ಬರುವವರೆಗೂ ನಿಂತೇ ಬಂದಳು. ಅಲ್ಲಪ್ಪ ಆ ಕಂಡಕ್ಟರನ ವಂಶಕ್ಕೆಲ್ಲ ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲೇ ಹರಸಿದ.

ದವಾಖಾನೆಯ ಒಂದೇ ಪಡಸಾಲೆಯಲ್ಲಿ ಎರಡು ಬಾಗಿಲು. ಎಡಕ್ಕೆ ಕಣ್ಣು, ಬಲಕ್ಕೆ ಮನಸ್ಸು. ಎಡದ ಬಾಕಿನ ಮೇಲೆ ಇಪ್ಪತ್ತು ಮುದುಕರು ಕುಳಿತು ಬೆಲ್ಲದ ದರದ ಬಗ್ಗೆ ವಾದ ಮಾಡುತ್ತಿದ್ದರು. ಬಲದ ಬಾಕಿನ ಮೇಲೆ ಐದಾರು ಜನ, ಎಲ್ಲರೂ ಬೇರೆ ಬೇರೆ ಗೋಡೆ ನೋಡುತ್ತ, ತಾವು ಆ ಬಾಕಿನವರಲ್ಲ ಎನ್ನುವ ಹಾಗೆ. ಕಾಜಲ್ ಹೋಗಿ ಅದರ ತುದಿಯಲ್ಲಿ ಕುಳಿತಳು. ಅಲ್ಲಪ್ಪ ಅಜ್ಜನನ್ನು ಎಡಕ್ಕೆ ಕೂಡಿಸಿ, ಬಲಕ್ಕೆ ಹೋಗಿ ಮಗಳ ಹೆಸರು ಬರೆಸಿ, ಎಡಕ್ಕೆ ಬಂದು ಅಜ್ಜನ ಹೆಸರು ಬರೆಸಿ, ಎರಡು ಓಣಿಗೆ ಒಂದೇ ವಾಲ್ವಿನಿಂದ ನೀರು ಬಿಡುವವನ ಹಾಗೆ ಓಡಾಡಿದ. ಮಗಳು ಕುಳಿತದ್ದು ಕಣ್ಣಿನ ಬಾಕು ಅಲ್ಲ ಎಂದು ಅಜ್ಜನಿಗೆ ಹೇಗೆ ಕಾಣಬೇಕು. ಕಾಣುವುದಿಲ್ಲ ಎಂಬುದೇ ಅವನ ಧೈರ್ಯವಾಗಿತ್ತು, ಮತ್ತು ಹಾಗೆ ಧೈರ್ಯ ತಂದುಕೊಂಡದ್ದಕ್ಕೆ ನಾಚಿಕೆಯಾಯಿತು. ನರ್ಸು ಬಂದು ಎರಡು ಹಾಳೆ ಕೊಟ್ಟಳು. ಒಂದು ಮಗಳಿಗೆ, ಒಂದು ತಂದೆಗೆ. ‘ಒಬ್ಬರದ ಒಬ್ಬರು ನೋಡಬ್ಯಾಡ್ರಿ. ಹೌದು, ಒಂದೊಂದ ಸಲ, ಇಲ್ಲ. ಯಾವುದು ಖರೆ ಅದಕ್ಕ ಗುರುತ ಹಾಕ್ರಿ.’

ಅಲ್ಲಪ್ಪ ಕಿಸೆಯಿಂದ ಪೆನ್ನು ತೆಗೆದ. ಸಣ್ಣ ಮಾತಿಗೂ ಕೆರಳುತ್ತಾಳೆಯೇ? ಬಂದ ಸಿಟ್ಟು ಇಳಿಯಲು ತಡವಾಗುತ್ತದೆಯೇ? ಸಿಟ್ಟಿನಿಂದ ಮನೆಯಲ್ಲಿ, ಶಾಲೆಯಲ್ಲಿ ತೊಂದರೆಯಾಗಿದೆಯೇ? ಓದುತ್ತ ಓದುತ್ತ ಅವನಿಗೆ ಇದು ದವಾಖಾನೆಯ ಹಾಳೆ ಎನ್ನುವುದೇ ಮರೆತುಹೋಯಿತು. ಯಾರೋ ಪರಸ್ಥಳದವರು ಮನೆಗೆ ಬಂದು, ಚಹಾ ಕುಡಿದು, ನಿಮ್ಮ ಹುಡುಗಿ ಹೇಗೆ ಎಂದು ಕೇಳುತ್ತಿದ್ದಾರೆ ಅನಿಸಿತು. ತಂದೆಯಾದವನು ಪರರ ಮುಂದೆ ಮಗಳ ಬಗ್ಗೆ ಏನು ಹೇಳುತ್ತಾನೆ? ಇಲ್ಲ, ಎಂದು ಗುರುತು ಹಾಕಿದ. ಇಲ್ಲ. ಇಲ್ಲ. ಕೊನೆಯವರೆಗೂ ಇಲ್ಲ. ಗುರುತುಗಳು ಚೆನ್ನಾಗಿ ಬಂದವು. ಕೊಟ್ಟು ತಿರುಗುವಷ್ಟರಲ್ಲಿ ಅತ್ತ ಅಜ್ಜನ ಕಣ್ಣಿಗೆ ಹನಿ ಹಾಕಿದ್ದರು. ‘ಅರ್ಧ ತಾಸು ಕಣ್ಣು ಮುಚ್ಚಿ ಕುಂದರ್ರಿ’ ಎಂದಿದ್ದರು. ಅಜ್ಜ ಮುಚ್ಚಿದ ಕಣ್ಣಿನಿಂದ ನೀರು ಇಳಿಸುತ್ತ ಅವನ ಕೈಯನ್ನು ಮತ್ತೆ ಹುಡುಕಿ ಹಿಡಿದುಕೊಂಡ.

ಆಗಲೇ ಬಲದ ಬಾಗಿಲು ತೆರೆಯಿತು. ‘ಕಾಜಲ್ ಅಲ್ಲಪ್ಪ!’

ಕಾಜಲ್ ಎದ್ದಳು. ಬಾಗಿಲವರೆಗೆ ಹೋದಳು. ಹೊಸ್ತಿಲ ಮುಂದೆ ನಿಂತು ತಿರುಗಿ, ಪಡಸಾಲೆಯ ಈ ತುದಿಯಲ್ಲಿ ಅಜ್ಜನ ಕೈಯಲ್ಲಿ ಸಿಕ್ಕಿಕೊಂಡ ತಂದೆಯನ್ನು ನೋಡಿದಳು. ‘ಒಳಗ ಬಾರವ್ವಾ’ ಎಂದಳು ನರ್ಸು. ಅವಳು ಹೋಗಲಿಲ್ಲ. ‘ಇಲ್ಲಂದ್ರ ಮುಂದಿನವರನ್ನ ಕರೀಲಿ?’ ಅವಳ ಕಾಲ ಬೆರಳು ಚಪ್ಪಲಿಯೊಳಗೆ ಮಡಚಿಕೊಂಡವು. ಅಷ್ಟು ದೂರದಿಂದ ಅದು ಅವನಿಗೆ ಹೇಗೆ ಕಂಡಿತೋ. ಅವನು ಬಗ್ಗಿ, ಬೆಲ್ಲದ ದರದವರೆಲ್ಲ ಕೇಳುವ ಹಾಗೆ, ಯಾಕೆಂದರೆ ಮೆಲ್ಲಗೆ ಹೇಳುವುದು ಆ ಕ್ಷಣ ಅವನಿಗೆ ಮರೆತಿತ್ತು, ‘ಅಜ್ಜಾರ, ನಾ ನಿಮಗ ಗುಡಿಯಾಗ ಸುಳ್ಳ ಹೇಳೀನಿ. ಅಕಿ ಕಣ್ಣಿಗೆ ಬಂದಿಲ್ಲ. ಕೈ ಬಿಡ್ರಿ, ನಾ ಹೋಗಬೇಕು’ ಎಂದ.

ಅಜ್ಜ ಕೈ ಬಿಟ್ಟ. ‘ಎಷ್ಟೊತ್ತಿಗೆ ಹೇಳತಿ ಅಂತ ಕುಂತಿದ್ನಿ. ಓಡು.’

ಅಲ್ಲಪ್ಪ ಓಡಿದ. ಐವತ್ತರ ಹತ್ತಿರದವನು, ಪಂಚೆ ಎತ್ತಿಕೊಂಡು, ದವಾಖಾನೆಯ ಪಡಸಾಲೆಯಲ್ಲಿ ಓಡಿದ. ಹತ್ತಿರ ಬಂದಾಗ ಮಗಳು, ‘ಎಲ್ಲಾರ ಮುಂದ ಒದರಿದಿ’ ಎಂದಳು. ‘ಒದರಿದ್ನಿ’ ಎಂದ. ‘ಹೂಂ. ನಡಿ’ ಎಂದು ತಾನೇ ಮೊದಲು ಹೊಸ್ತಿಲು ದಾಟಿದಳು.

ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಮೇಜಿನ ಮೇಲೆ ಎರಡು ಹಾಳೆ ಪಕ್ಕಪಕ್ಕ ಇಟ್ಟುಕೊಂಡಿದ್ದರು. ಒಂದರಲ್ಲಿ ಮೇಲಿನಿಂದ ಕೆಳಗೆ ಎಲ್ಲ ಹೌದು. ಇನ್ನೊಂದರಲ್ಲಿ ಮೇಲಿನಿಂದ ಕೆಳಗೆ ಎಲ್ಲ ಇಲ್ಲ. ಅವರು ತಂದೆಯನ್ನು ನೋಡಿದರು, ಮಗಳನ್ನು ನೋಡಿದರು. ‘ನೀವಿಬ್ಬರೂ ಒಂದ ಮನಿಯಾಗ ಇರತೀರೇನ್ರಿ?’

ಕಾಜಲ್ ಕುತ್ತಿಗೆ ಚಾಚಿ ನೋಡಿದಳು. ‘ಯಪ್ಪಾ! ಎಲ್ಲಾ ಸುಳ್ಳ ಬರದೀ! ನಾ ಮೊನ್ನಿ ತಟ್ಟಿ ಒಗದದ್ದು ನಿನ್ನ ಕಾಲಿಗೆ ಬಡದಿಲ್ಲೇನು? ತೋರಸು ಅವರಿಗೆ, ತೋರಸು ಕಾಲು!’ ಅಲ್ಲಪ್ಪ ಕಾಲು ಮೇಜಿನ ಕೆಳಗೆ ಎಳೆದುಕೊಂಡ. ಡಾಕ್ಟರು ನಗಲಿಲ್ಲ, ಆದರೆ ನಗದೇ ಇರಲು ಪೆನ್ನಿನ ತುದಿ ಕಚ್ಚಿಕೊಂಡರು. ‘ಅಕಿಗೆ ಕೆಟ್ಟ ಹೆಸರ ಬರತೈತಂತ…’ ಎಂದು ಅವನು ತಡವರಿಸಿದ. ‘ಇದು ಹೆಸರಿನ ಹಾಳಿ ಅಲ್ರಿ ಕಾಕಾ. ಜ್ವರ ಎಷ್ಟೈತಿ ಅಂತ ನೋಡೂ ಹಾಳಿ. ಜ್ವರ ಇಲ್ಲಂದ್ರ ನಾ ಏನ ನೋಡಲಿ?’ ಎಂದು ಇನ್ನೊಂದು ಹಾಳೆ ಮುಂದೆ ತಳ್ಳಿದರು. ಅವನು ಮತ್ತೆ ಪೆನ್ನು ತೆಗೆದ. ಈ ಸಲ ಗುರುತುಗಳು ಓರೆಯಾಗಿ ಬಂದವು. ಕೆಳಗೆ, ಬೇರೆ ಏನಾದರೂ ಹೇಳುವುದಿದ್ದರೆ, ಎಂದು ಎರಡು ಗೆರೆ ಖಾಲಿ ಇದ್ದವು. ಅಲ್ಲಿ ಬರೆದ: ಶ್ರಾವಣದಲ್ಲಿ ನಾನು ಇವಳನ್ನು ಗುಡಿಯಲ್ಲಿ ಎಲ್ಲರ ಮುಂದೆ ಹೊಡೆದೆ. ಇವಳ ಮಾತು ಖರೆಯೋ ಸುಳ್ಳೋ ನೋಡಲಿಲ್ಲ. ಕಾಜಲ್ ಅದನ್ನು ಮೇಜಿನ ಆಚೆಯಿಂದ, ತಲೆಕೆಳಗಾದ ಅಕ್ಷರದಲ್ಲೇ ಓದಿದಳು. ಬಹಳ ಹೊತ್ತು ಓದಿದಳು, ಎರಡೇ ಸಾಲು. ಆಮೇಲೆ ಮೂಗು ಏರಿಸಿ, ‘ಮೂರನೇ ಸೋಮವಾರ ಅಂತ ಬರಿ’ ಎಂದಳು. ಅವನು ಬರೆದ.

ಆಮೇಲೆ ಅವನನ್ನು ಹೊರಗೆ ಕಳಿಸಿದರು. ಮುಚ್ಚಿದ ಬಾಗಿಲ ಆಚೆಯಿಂದ ಮಗಳ ದನಿ ಬರುತ್ತಿತ್ತು, ಶಬ್ದಗಳಿಲ್ಲದೆ, ಏರುತ್ತ, ನಿಲ್ಲುತ್ತ, ಒಮ್ಮೆ ಅತ್ತ ಹಾಗೆ, ಮತ್ತೆ ಸಮನಾಗಿ. ದೂರದ ಗುಡಿಯಲ್ಲಿ ಯಾರೋ ಓದುವುದು ಹೊಲದವನಿಗೆ ಕೇಳುವ ಹಾಗೆ. ಅವಳು ಅಷ್ಟು ಹೊತ್ತು ಬಿಡದೆ ಮಾತನಾಡಿದ್ದನ್ನು ಅವನು ಕೇಳಿರಲಿಲ್ಲ. ಏನು ಹೇಳುತ್ತಿರಬಹುದು ಎಂದು ಕಿವಿ ಹೋಯಿತು. ಅಲ್ಲ, ಅದು ತನಗೆ ಹೇಳುತ್ತಿರುವುದಲ್ಲ ಎಂದು ಹಿಂದೆ ಕರೆದುಕೊಂಡ. ಬಹಳ ದಿನ ಮುಚ್ಚಿದ ನಳಕ್ಕೆ ನೀರು ಬಿಟ್ಟಾಗ ಮೊದಲು ಬುಸ್ ಬುಸ್ ಎಂದು ಕೆಮ್ಮುತ್ತದೆ, ರಾಡಿ ಉಗುಳುತ್ತದೆ. ಹೊಸದಾಗಿ ಬಂದ ಸೊಸೆಯಂದಿರು ಹೆದರಿ ಕೊಡ ಎತ್ತಿಕೊಂಡು ಓಡುತ್ತಾರೆ. ತಡೀರಿ, ಒಳಗ ಗಾಳಿ ಐತಿ ಅಷ್ಟ, ಎಂದು ಅವನೇ ಎಷ್ಟು ಸಲ ಹೇಳಿದ್ದಾನೆ, ಎಷ್ಟು ಓಣಿಯಲ್ಲಿ. ಮನೆಯಲ್ಲಿ ಮಾತ್ರ ಹೇಳಲಿಲ್ಲ. ಅಲ್ಲಿ ಪದ್ಯ ಹೇಳಿದ.

ಅಜ್ಜ ಗೋಡೆ ಹಿಡಿದುಕೊಂಡು ತಾನೇ ಬಂದು ಪಕ್ಕದಲ್ಲಿ ಕುಳಿತ. ಕಣ್ಣಿನ ಕರಿಗುಡ್ಡೆ ಅಗಲವಾಗಿ, ಕೂಸಿನ ಹಾಗೆ ಕಾಣುತ್ತಿದ್ದ. ‘ನಿಮಗ ಹೆಂಗ ಗೊತ್ತಾತ್ರಿ?’ ಎಂದು ಕೇಳಿದ ಅಲ್ಲಪ್ಪ.

‘ಊರಾಗ ಯಾರಿಗೂ ಕಾಣದ ಬಸ್ಸಿನ ಬೋರ್ಡ ಓದಿದ್ಳು. ಅಳಸಿದ ಅಕ್ಷರಾನೂ ಓದಿದ್ಳು. ಅಂಥಾಕಿನ್ನ ಕಣ್ಣಿನ ಡಾಕ್ಟರ ಕಡೆ ಒಯ್ಯೂ ಹುಚ್ಚ ನೀ ಒಬ್ಬಾವನ.’ ಅಜ್ಜ ಹನಿಯ ನೀರು ಒರೆಸಿಕೊಂಡ. ಸ್ವಲ್ಪ ಹೊತ್ತು ಬಾಕಿನ ಕಟ್ಟಿಗೆಯನ್ನು ಬೆರಳಿನಿಂದ ಬಡಿದ, ತಾಳಕ್ಕೆ ಬೀಳದ ಹಾಗೆ. ‘ಅಲ್ಲಪ್ಪಾ, ನಂದೂ ಒಂದ ಸುಳ್ಳ ಐತಿ. ನನಗ ಆ ಪುಸ್ತಕ ಕಾಣೂದ ಬಿಟ್ಟು ಎರಡ ವರ್ಷ ಆತು. ನೆನಪ ಇದ್ದದ್ದ ಹೇಳತೇನಿ. ನೆನಪ ಹಾರಿದಲ್ಲಿ… ರಾಗ ನಿಂದ್ರಸಾಕ ಬರತೈತೇನ? ನಾನ ಕಟ್ಟಿ ಹೇಳತೇನಿ. ಆ ಹುಡುಗಿ ಅಂದದ್ದು ಖರೆ.’

ಅಲ್ಲಪ್ಪ ಅವನನ್ನೇ ನೋಡಿದ. ಎರಡು ವರ್ಷ. ಕಣ್ಣು ಮುಚ್ಚಿ, ಕೈ ಜೋಡಿಸಿ, ಊರಿಗೇ ಮಾದರಿ ಎನಿಸಿಕೊಂಡು ತಾನು ಕೇಳುತ್ತ ಕುಳಿತದ್ದು ಅದನ್ನೇ. ನಾಚಿಕೆ ಕಿವಿಯವರೆಗೆ ಬಿಸಿಯಾಗಿ ಏರಿತು. ಏರಿ, ಮೇಲೆ ಹೋಗಲು ಜಾಗವಿಲ್ಲದೆ, ಹೇಗೋ ನಗೆಯಾಗಿ ಹೊರಗೆ ಬಂತು. ಬಾಯಿ ಮುಚ್ಚಿಕೊಂಡು ನಕ್ಕ. ಅಜ್ಜನೂ ನಕ್ಕ. ಮನಸ್ಸಿನ ಬಾಕಿನ ಮೇಲೆ ಕುಳಿತು ಇಬ್ಬರು ದೊಡ್ಡವರು ಹೀಗೆ ನಗುವುದನ್ನು ಕಂಡು ಪಕ್ಕದಲ್ಲಿದ್ದ ಒಬ್ಬ ತಾಯಿ ಒಂದಿಷ್ಟು ಸರಿದು ಕುಳಿತಳು. ‘ಒಂದರ ಹೇಳ್ರಿ, ನೀವು ಕಟ್ಟಿದ್ದು’ ಎಂದ ಅಲ್ಲಪ್ಪ. ಅಜ್ಜ ಗಂಟಲು ಸರಿಮಾಡಿಕೊಂಡು, ಪಡಸಾಲೆಗೆ ತೊಂದರೆಯಾಗದಷ್ಟು ಸಣ್ಣ ರಾಗದಲ್ಲಿ ಹೇಳಿದ:

ಉರಿವ ಒಲೆಯೊಳಗಿಟ್ಟ ಹಾಲದು
ಕರೆಯದೆಯೆ ಮೇಲೇರಿ ಬಂದರೆ
ಮರುಳೆ ಹಾಲಿನ ತಪ್ಪದಲ್ಲವು, ಒಲೆಯ ಕೇಳೆಂದ

‘ಇದನ್ನ ಓದಿದಾಗ ನೀ ಭಾಳ ತಲಿ ಆಡಿಸಿದ್ದಿ’ ಎಂದ ಅಜ್ಜ.

ಬಾಗಿಲು ತೆರೆದಾಗ ಕಾಜಲ್‌ನ ಮೂಗು ಕೆಂಪಾಗಿತ್ತು, ಮುಖ ತೊಳೆದ ಹಾಗಿತ್ತು. ಡಾಕ್ಟರು ಅಲ್ಲಪ್ಪನನ್ನು ಕರೆದು ಮೆಲ್ಲಗೆ ಹೇಳಿದರು: ಇದು ಹುಚ್ಚಲ್ಲ, ಸೊಕ್ಕೂ ಅಲ್ಲ. ಇಂಥ ಮಕ್ಕಳು ಬಹಳ ಇದ್ದಾರೆ, ಸಿಟ್ಟಿನ ಕೆಳಗೆ ಅಂಜಿಕೆ ಇರುತ್ತದೆ, ದುಃಖ ಇರುತ್ತದೆ, ನಿದ್ದೆ ಇರುವುದಿಲ್ಲ. ಒಂದೇ ದಿನಕ್ಕೆ ಇಳಿಯುವುದಿಲ್ಲ. ಎರಡು ವಾರಕ್ಕೊಮ್ಮೆ ಬರಬೇಕು, ಸಾಲೆಯ ಮಾಸ್ತರರ ಜೊತೆಗೂ ಮಾತನಾಡಬೇಕು. ‘ಸಿಟ್ಟು ಏರಿದಾಗ ಬುದ್ಧಿ ಹೇಳಬ್ಯಾಡ್ರಿ. ಇಳದ ಮ್ಯಾಲ ಕೇಳ್ರಿ, ಏನಾಗಿತ್ತು ಅಂತ.’ ‘ಪದ್ಯಾನೂ ಹೇಳಬಾರದು ಅನ್ರಿ’ ಎಂದಳು ಕಾಜಲ್ ಹಿಂದಿನಿಂದ. ‘ಪದ್ಯಾನೂ ಬ್ಯಾಡ’ ಎಂದರು ಡಾಕ್ಟರು ಗಂಭೀರವಾಗಿ, ಚೀಟಿಯ ಮೇಲೆ ಬರೆಯುವವರ ಹಾಗೆ.

ಅಜ್ಜನಿಗೆ ಪೊರೆ ಬಂದಿದೆ, ಎರಡು ವಾರದ ನಂತರ ಸೋಮವಾರ ಬಂದು ಆಪರೇಷನ್ನಿನ ತಾರೀಖು ಕೇಳಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಬರುವಾಗ ಬಸ್ಸಿನಲ್ಲಿ ಕಾಜಲ್ ಅಜ್ಜನ ಪಕ್ಕ ಕುಳಿತಳು. ದವಾಖಾನೆಯಲ್ಲಿ ಅಜ್ಜನಿಗೆ ಕೊಟ್ಟ ಕರಿಕನ್ನಡಕ ಜಾರಿದಾಗಲೆಲ್ಲ ‘ಸರಿ ಇಟ್ಟಕೋಬಾರದೇನ ಮುತ್ಯಾ’ ಎಂದು ಸಿಡುಕುತ್ತ ತಾನೇ ಸರಿಮಾಡಿದಳು. ಸೇತುವೆಯ ಮೇಲೆ, ಹಿಂದೆ ತಿರುಗಿ ನೋಡದೆ, ‘ಮುಂದಿನ ಸೋಮವಾರದ ಮುಂದಿನ ಸೋಮವಾರ ನೀ ಬರೂದ ಬ್ಯಾಡ ಯಪ್ಪಾ. ನಾ, ಮುತ್ಯಾ ಇಬ್ಬರ ಬರತೇವಿ. ನೀ ಭಾಳ ಓಡಾಡತಿ’ ಎಂದಳು. ಅಲ್ಲಪ್ಪ ಕಿಟಕಿಯಿಂದ ಘಟಪ್ರಭೆ ನೋಡಿದ. ತನ್ನನ್ನು ಬಿಟ್ಟರು ಎಂದು ಒಂದು ಸಣ್ಣ ಚುಚ್ಚು ಎದೆಯಲ್ಲಿ ಎದ್ದಿತು. ಆದರೆ ಬರುತ್ತೇವೆ ಎಂದಳು. ಮತ್ತೆ ಬರುತ್ತೇವೆ ಎಂದಳು. ಅವನು ಅದನ್ನೇ ಹಿಡಿದುಕೊಂಡು, ಎರಡೂ ದಂಡೆ ಮುಟ್ಟಿ ಹರಿಯುವ ನೀರನ್ನು ಸೇತುವೆ ಮುಗಿಯುವವರೆಗೂ ನೋಡಿದ.

ಮುದಕವ್ವ ಬೇವಿನ ಮರದ ಕೆಳಗೆ, ಬೆಳಿಗ್ಗೆಯ ಜಾಗದಲ್ಲಿಯೇ ಇದ್ದಳು. ನೆರಳು ಮಾತ್ರ ಸರಿದಿತ್ತು. ‘ಏನಂದ್ರೋ ಅಲ್ಲಪ್ಪಾ ಕಣ್ಣಿಗೆ? ಚಸ್ಮಾ ಕೊಟ್ಟರೇನು?’ ಅವನು ಬಾಯಿ ತೆರೆದ. ಹೇಳಿದರೆ ಮಾತು ಕೊಟ್ಟದ್ದು ಹೋಗುತ್ತದೆ. ಹೇಳದಿದ್ದರೆ ಇನ್ನೊಂದು ಸುಳ್ಳು. ತೆರೆದ ಬಾಯಿ ಹಾಗೇ ಇತ್ತು. ಕಾಜಲ್ ಅದನ್ನು ನೋಡಿದಳು, ಅದು ಮುಚ್ಚುವುದನ್ನು ಕಾದಳು, ಮುಚ್ಚಲಿಲ್ಲ. ‘ಕಣ್ಣಿಗಲ್ಲ ಆಯಿ’ ಎಂದಳು. ‘ಸಿಟ್ಟು ತೋರಸಾಕ ಹೋಗಿದ್ನಿ.’

‘ಸಿಟ್ಟಿಗೂ ಡಾಕ್ಟರ ಅದಾರೇನ?’ ಮುದಕವ್ವ ಗದ್ದಕ್ಕೆ ಬೆರಳಿಟ್ಟಳು. ‘ಎಷ್ಟ ಚಲೋ ಆತಲ್ಲ! ಹಂಗಾರ ಮುಂದಿನ ಸಲ ನನ್ನ ಸೊಸಿನ್ನ ಕರಕೊಂಡು ಹೋಗ್ರಿ.’ ಎದುರು ಮನೆಯ ಕಟ್ಟೆಯಿಂದ ಸೊಸೆ ಮೊರದಲ್ಲಿ ಕಾಳು ಕೇರುತ್ತಲೇ ಕೂಗಿದಳು: ‘ಮೊದಲ ಅತ್ತಿನ್ನ ತೋರಸಿಕೊಂಡ ಬರ್ರಿ. ನನ್ನದು ತಾನ ಇಳಿತೈತಿ!’ ಬಸ್ಸಿನ ಜನ ನಕ್ಕರು. ಕಾಜಲ್ ನಗಲಿಲ್ಲ. ಆದರೆ ಎರಡು ಹೆಜ್ಜೆ ಮುಂದೆ ಹೋಗಲೂ ಇಲ್ಲ.

ನೀರು ಬಿಟ್ಟು, ಬೈಸಿಕೊಂಡು, ಕೈಕಾಲು ತೊಳೆದು ಅಲ್ಲಪ್ಪ ಗುಡಿಗೆ ಬಂದಾಗ ದೀಪ ಹಚ್ಚಿದ್ದರು. ಪೀಠದ ಮೇಲೆ ಅಜ್ಜ ಕರಿಕನ್ನಡಕದಲ್ಲಿ, ಪಕ್ಕದಲ್ಲಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕಾಜಲ್. ಶ್ರಾವಣದ ನಂತರ ಮೊದಲ ಸಲ. ಅಜ್ಜ ಕೈ ಎತ್ತಿ ಹೇಳಿದ: ‘ಎಲ್ಲಾರೂ ಕೇಳ್ರಿ. ಎರಡ ವರ್ಷದಿಂದ ನನಗ ಅಕ್ಷರ ಕಾಣವಲ್ತು. ಅವತ್ತ ಈ ಹುಡುಗಿ ಅಂದದ್ದು ಖರೆ ಇತ್ತು, ನಾ ಬಾಯಿ ಮುಚಗೊಂಡ ಕುಂತ್ನಿ. ಇವತ್ತಿನಿಂದ ಪುಸ್ತಕ ಅಕಿ ಹಿಡಿತಾಳ. ನಾ ತಪ್ಪಿದಲ್ಲಿ ಒದರತಾಳ. ಯಾರೂ ಅಕಿಗೆ ಸುಮ್ನಿರು ಅನಬಾರದು.’ ಗುಡಿಯಲ್ಲಿ ಒಂದು ಗುಜುಗುಜು ಎದ್ದು ಇಳಿಯಿತು. ರಾಗ ಎದ್ದಿತು. ಅಲ್ಲಪ್ಪ ಈ ಸಲ ಕಣ್ಣು ಮುಚ್ಚಲಿಲ್ಲ. ಮಗಳ ಬೆರಳು ಸಾಲಿನ ಮೇಲೆ ಸಾಗುವುದನ್ನು ನೋಡುತ್ತ ಕೇಳಿದ. ಒಂದು ಪದ್ಯ, ಎರಡು, ಐದು. ಆರನೆಯದರ ಮೊದಲ ಸಾಲಿಗೇ ಅವನು ಬೆನ್ನು ನೆಟ್ಟಗೆ ಮಾಡಿಕೊಂಡ. ಉರಿವ ಒಲೆಯೊಳಗಿಟ್ಟ ಹಾಲದು. ಅವಳ ಬೆರಳು ನಿಂತಿತು. ಕತ್ತಿನ ನರ ಉಬ್ಬಿತು.

‘ಮುತ್ಯಾ! ಇದು ಪುಸ್ತಕದಾಗ ಇಲ್ಲ!’

ಗುಡಿಗೆ ಗುಡಿಯೇ ಉಸಿರು ಹಿಡಿಯಿತು. ಅಜ್ಜ ರಾಗವನ್ನು ಕೆಳಗೆ ಇಳಿಸದೆ, ಅದೇ ಏರಿನಲ್ಲಿ, ‘ಇಲ್ಲಂದ್ರ ಬರಕೋ!’ ಎಂದ.

ಮೊದಲು ನಕ್ಕವಳು ಮುದಕವ್ವ. ಆಮೇಲೆ ಎಲ್ಲರೂ. ಕಾಜಲ್ ಹಾಳೆಯ ಅಂಚಿನ ಖಾಲಿ ಜಾಗವನ್ನು ನೋಡಿದಳು, ಬೆರಳಿನಿಂದ ಅಳೆದಳು, ಹಿಡಿಸುತ್ತದೆ ಎಂದು ಅನಿಸಿರಬೇಕು, ಕೈ ಚಾಚಿದಳು. ಅಲ್ಲಪ್ಪ ಎದ್ದು ಹೋದ, ಅದೇ ದಾರಿ, ಅದೇ ನಾಲ್ಕು ಹೆಜ್ಜೆ, ಮತ್ತು ಬೆಳಿಗ್ಗೆ ಎರಡು ಹಾಳೆ ತುಂಬಿದ ಪೆನ್ನನ್ನು ಕಿಸೆಯಿಂದ ತೆಗೆದು ಅವಳ ಕೈಗಿಟ್ಟ.

‘ಟೊಪ್ಪಿಗಿ ತಗದ ಕೊಡಬೇಕ ಯಪ್ಪಾ!’ ಎಂದು ಸಿಡುಕಿದಳು. ಅವನು ಪೆನ್ನಿನ ಟೊಪ್ಪಿಗೆ ತೆಗೆದು ಕೊಟ್ಟ.